ಸಾಲು ಒಬ್ಬನದು, ಹೆಸರು ಇನ್ನೊಬ್ಬನದು: ನಮ್ಮ ಕೊಡಗಿನ ರ‍್ಯಾಪ್ ಹಾಡುಗಳ ಬಗ್ಗೆ ಒಂದು ಚರ್ಚೆ (ಪ್ರತಿ ಮಾತಿನ ಮೇಲಿರುವುದು ಅದನ್ನು ಬರೆದವರು ಇಟ್ಟುಕೊಂಡ ಹೆಸರು)

ಅಮ್ಮತ್ತಿ ರಸ್ತೆ

ಈ ಸಲದ ಕಾಫಿ ಕೊಯಿಲಿನ ಹೊತ್ತಿಗೆ ದಕ್ಷಿಣ ಕೊಡಗಿನ ಹುಡುಗನೊಬ್ಬನ ರ‍್ಯಾಪ್ ಹಾಡು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿ ಹುಟ್ಟಿ ಬೆಳೆದವನೊಬ್ಬ ತನ್ನ ಅಪ್ಪನ ದುಡಿಮೆಯನ್ನು ಹೇಳಿಕೊಳ್ಳುವ ಹಾಡು. ಹಾಡಿದವನು ಯಾರೆಂದು ನಾನು ಹೆಸರಿಸುವುದಿಲ್ಲ, ದಯವಿಟ್ಟು ನೀವೂ ಹೆಸರಿಸಬೇಡಿ. ನನಗೆ ಹೇಳಬೇಕಿರುವುದು ಇಷ್ಟು: ಆ ಸಾಲುಗಳನ್ನು ಬರೆದವನು ಬೇರೆ ಹುಡುಗ. ಅವನ ಅಪ್ಪ ಅಮ್ಮ ನಿಜವಾಗಿಯೂ ತೋಟದ ಕೆಲಸಗಾರರು. ಹಾಡು ಹೊರಬರುವ ಎಷ್ಟೋ ಮೊದಲು ಅವನು ನನ್ನ ರೆಕಾರ್ಡಿಂಗ್ ಕೋಣೆಗೆ ಬಂದು, ತನ್ನದೇ ದನಿಯಲ್ಲಿ ಹಾಡಿ ಮೊಬೈಲಿನಲ್ಲಿ ಹಿಡಿದಿಟ್ಟದ್ದನ್ನು ಕೇಳಿಸಿದ್ದ. ಈಗ ಹಾಡಿನ ಕೆಳಗೆ "ಸಾಹಿತ್ಯ ಮತ್ತು ಗಾಯನ" ಎಂದು ಹಾಡಿದವನ ಹೆಸರೊಂದೇ ಇದೆ.

ಬರೆದವನ ಒಪ್ಪಿಗೆ ಪಡೆದು ಎರಡು ಸಾಲು ಹಾಕುತ್ತಿದ್ದೇನೆ:

ಸಂಜೆ ತಕ್ಕಡಿ ಮುಂದೆ ಅಪ್ಪನ ಚೀಲ
ಅಂಜಿ ನಿಂತವನಿಗೆ ದಕ್ಕಿದ್ದು ಸಾಲ

ಅವನು ಹಾಡುವಾಗ "ಅಪ್ಪನ" ಎಂಬಲ್ಲಿ ಉಸಿರು ಹಿಡಿದು, ಅರೆಗಳಿಗೆ ಬೀಟ್ ಖಾಲಿ ಬಿಟ್ಟು, "ಚೀಲ" ಎಂಬುದನ್ನು ಡ್ರಮ್ಮಿನ ಪೆಟ್ಟಿನ ಮೇಲೆ ಇಳಿಸುತ್ತಿದ್ದ. ಹಣ್ಣು ತುಂಬಿದ ಚೀಲ ತಕ್ಕಡಿಗೆ ಬಿದ್ದ ಸದ್ದು ಅದು. ಹೊರಬಂದ ಹಾಡಿನಲ್ಲಿ ಆ ಖಾಲಿ ಜಾಗ ಇಲ್ಲ, ಸಾಲು ಎಲ್ಲೂ ನಿಲ್ಲದೆ ಓಡಿಹೋಗುತ್ತದೆ. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಬ್ಬರಿಂದ ಬರೆಸಿಕೊಂಡು ಹಾಡುವುದನ್ನು ನಾನು ತಪ್ಪೆನ್ನುವುದಿಲ್ಲ. ಡಾ. ರಾಜ್‌ಕುಮಾರ್ ಹಾಡಿದ ಎಷ್ಟು ಹಾಡುಗಳನ್ನು ಚಿ. ಉದಯಶಂಕರ್ ಬರೆದಿಲ್ಲ? ಅದರಲ್ಲಿ ಯಾರಿಗೂ ಮೋಸ ಕಾಣಲಿಲ್ಲ, ಏಕೆಂದರೆ ಬರೆದವರ ಹೆಸರು ಪರದೆಯ ಮೇಲೆ ಬರುತ್ತಿತ್ತು, ಹಾಡುವ "ನಾನು" ಕಥೆಯ ಪಾತ್ರ ಎಂಬುದೂ ಎಲ್ಲರಿಗೂ ತಿಳಿದಿತ್ತು. ರ‍್ಯಾಪ್‌ನ ಕಟ್ಟುಪಾಡು ಬೇರೆ. ಅಲ್ಲಿ "ನಾನು" ಎಂದರೆ ಮೈಕ್ ಹಿಡಿದು ನಿಂತವನೇ. ಆ ನಂಬಿಕೆಯನ್ನು ಬಳಸಿಕೊಂಡು, ಬರೆದವನ ಹೆಸರನ್ನು ಅಳಿಸಿ, ಅವನ ಮನೆಯ ಸಾಲವನ್ನು ತನ್ನ ಮನೆಯ ಸಾಲವೆಂದು ವೇದಿಕೆಯಲ್ಲಿ ಹೇಳಿಕೊಳ್ಳುವುದನ್ನು ನಾನು ಒಪ್ಪಲಾರೆ. ನೀವೇನು ಹೇಳುತ್ತೀರಿ?

ಬೀಟ್ ಕಟ್ಟುವವ, ವಿರಾಜಪೇಟೆ

ಅಣ್ಣ, ಒಂದು ಕಡೆಯ ಮಾತನ್ನಷ್ಟೇ ಕೇಳಿದ್ದೀರಿ. ನಾನೂ ಒಂದೆರಡು ಹಾಡು ಬರೆಸಿಕೊಂಡಿದ್ದೇನೆ, ದುಡ್ಡು ಕೊಟ್ಟಿದ್ದೇನೆ, ಬರೆದವರು ಸಂತೋಷದಿಂದ ತೆಗೆದುಕೊಂಡಿದ್ದಾರೆ. ಬೀಟ್ ಕೊಂಡುಕೊಳ್ಳುವುದು ತಪ್ಪಲ್ಲವಾದರೆ ಸಾಲು ಕೊಂಡುಕೊಳ್ಳುವುದು ಏಕೆ ತಪ್ಪು? ಹಾಡನ್ನು ಜನರಿಗೆ ಮುಟ್ಟಿಸುವುದಕ್ಕೆ ದನಿ ಬೇಕು, ವಿಡಿಯೋ ಬೇಕು, ನಿಂತು ಹಾಡುವ ಧೈರ್ಯ ಬೇಕು. ಎಲ್ಲವೂ ಒಬ್ಬನಲ್ಲೇ ಇರಬೇಕು ಎಂದರೆ ಹಾಡು ಹುಟ್ಟುವುದೇ ಇಲ್ಲ.

ಅಮೆರಿಕದಲ್ಲಿ ಈಜಿ-ಈ ಎಂಬ ರ‍್ಯಾಪರ್ ಹೆಸರಾದದ್ದು 1987ರ "ಬಾಯ್ಸ್-ಎನ್-ದ-ಹುಡ್" ಹಾಡಿನಿಂದ. ಅದನ್ನು ಬರೆದದ್ದು ಐಸ್ ಕ್ಯೂಬ್, ಇನ್ನೂ ಹದಿಹರೆಯದ ಹುಡುಗ. ಹಾಡಿನಲ್ಲಿ ಬರುವ, ಲಾಸ್ ಏಂಜಲೀಸ್ ಬಳಿಯ ಕಾಂಪ್ಟನ್ ಊರಿನ ಬೀದಿಯ ಬದುಕನ್ನು ಹತ್ತಿರದಿಂದ ಕಂಡವನು ಈಜಿ, ಅಕ್ಷರ ಮಾತ್ರ ಕ್ಯೂಬ್‌ನದು. ಇದರಲ್ಲಿ ಅಸಲಿ ಯಾರು, ನಕಲಿ ಯಾರು?

ಬೆಂಗಳೂರಿನಿಂದ, ಊರು ಮೂರ್ನಾಡು

ಉದಾಹರಣೆ ಚೆನ್ನಾಗಿದೆ, ಆದರೆ ಅದನ್ನು ಬರೆದವರು ಯಾರೆಂದು ಕೇಳಿದರೆ ಐಸ್ ಕ್ಯೂಬ್ ಎಂದು ಇಂದು ನೀವೇ ಹೇಳುತ್ತಿದ್ದೀರಿ. ಹೆಸರು ಉಳಿದಿದೆ. ಹೆಸರು ಉಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ಹಳೆಯ ಕಥೆಯೊಂದಿದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಿಪ್‌ಹಾಪ್ (ರ‍್ಯಾಪ್‌ನ ತಾಯಿಬೇರು) ಹುಟ್ಟಿದ ದಿನವೆಂದು ಎಲ್ಲರೂ ಹೇಳುವುದು 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಸಂಗೀತ ಹಾಕಿದ ಒಂದು ಪಾರ್ಟಿ. ಆರು ವರ್ಷ ಅದು ಬೀದಿಯಲ್ಲಿ, ಉದ್ಯಾನಗಳಲ್ಲಿ, ಸಣ್ಣಪುಟ್ಟ ಸಭಾಂಗಣಗಳಲ್ಲಿ ಬೆಳೆಯಿತು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್‌ನ "ರ‍್ಯಾಪರ್ಸ್ ಡಿಲೈಟ್" ಬಂದಾಗ ಲೋಕಕ್ಕೆ ರ‍್ಯಾಪ್ ಎಂಬುದೊಂದಿದೆ ಎಂದು ತಿಳಿಯಿತು. ಅದರಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಎಂಬಾತ ಹಾಡಿದ ಸಾಲುಗಳು ಅವನವಲ್ಲ, ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಬರೆದವು. ಹ್ಯಾಂಕ್ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ, ಕ್ಯಾಜ್‌ನ ಕಾರ್ಯಕ್ರಮಗಳ ವ್ಯವಸ್ಥೆಯನ್ನೂ ನೋಡಿಕೊಳ್ಳುತ್ತಿದ್ದ. ಅವಕಾಶ ಬಂದಾಗ ಕ್ಯಾಜ್‌ನ ಸಾಲುಗಳ ಪುಸ್ತಕವನ್ನು ತೆಗೆದುಕೊಂಡು ಹೋದ. ಕ್ಯಾಜ್‌ನ ಇನ್ನೊಂದು ಹೆಸರು ಕ್ಯಾಸನೋವಾ ಫ್ಲೈ. ಹ್ಯಾಂಕ್ ಆ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳುವ ಸಾಲನ್ನೂ ಹಾಗೆಯೇ ಹಾಡಿಬಿಟ್ಟ. ಬರೆದವನ ಹೆಸರು ಹಾಡಿನೊಳಗೇ ಮೊಳಗುತ್ತಿದೆ, ಆದರೆ ಸಾಹಿತ್ಯದ ಪಟ್ಟಿಯಲ್ಲಿ ಅವನಿಲ್ಲ, ಹಣದಲ್ಲೂ ಪಾಲಿಲ್ಲ. ಲೋಕಕ್ಕೆ ರ‍್ಯಾಪ್ ಪರಿಚಯವಾದದ್ದೇ ಇಂಥದೊಂದು ಕಸಿದುಕೊಂಡ ಸಾಲಿನಿಂದ. ಅಮ್ಮತ್ತಿ ಅಣ್ಣ ಹೇಳಿದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಕ್ಯಾಜ್.

ಸೋಮವಾರಪೇಟೆ ಮೇಷ್ಟ್ರು

ನಾನು ಕನ್ನಡ ಪಾಠ ಮಾಡುವವನು. ರ‍್ಯಾಪ್ ಬಗ್ಗೆ ನನ್ನ ವಿದ್ಯಾರ್ಥಿಗಳಿಂದ ಕಲಿತದ್ದೇ ಹೆಚ್ಚು. ಆದರೆ ಮೇಲಿನ ಎರಡು ಸಾಲು ಓದಿ ಕುರ್ಚಿಯಲ್ಲಿ ನೆಟ್ಟಗಾಗಿ ಕೂತೆ. "ಸಂಜೆ", "ಅಂಜಿ" ಗಮನಿಸಿದಿರಾ? ಎರಡನೆಯ ಅಕ್ಷರದಲ್ಲಿ ಪ್ರಾಸ ಕೂಡಿದೆ. ಪಂಪನಿಂದ ಹಿಡಿದು ನಮ್ಮ ಹಳೆಯ ಕವಿಗಳೆಲ್ಲ ಪಾಲಿಸಿದ ಆದಿಪ್ರಾಸ ಅದು. ಕೊನೆಯಲ್ಲಿ "ಚೀಲ", "ಸಾಲ" ಎಂದು ಅಂತ್ಯಪ್ರಾಸವೂ ಇದೆ. ಇವತ್ತಿನ ಹಾಡುಗಳಲ್ಲಿ ಸಾಲಿನ ತುದಿ ಕೂಡಿದರೆ ಸಾಕು ಎನ್ನುವವರೇ ಹೆಚ್ಚು. ಈ ಹುಡುಗನಿಗೆ ಯಾರೂ ಹೇಳಿಕೊಡದೆ ಕಿವಿಯಿಂದಲೇ ಎರಡೂ ಬಂದಿದ್ದರೆ ಅವನಿಗೆ ನನ್ನ ನಮಸ್ಕಾರ.

ಹೆಸರಿನ ಪ್ರಶ್ನೆಗೆ ಬರುತ್ತೇನೆ. ಹನ್ನೆರಡನೆಯ ಶತಮಾನದ ವಚನಕಾರರು ಬದುಕಿನ ಮಾತನ್ನೇ ಆಡಿದವರು, "ನಾನು" ಎಂದೇ ಹೇಳಿದವರು. ಅವರು ಪ್ರತಿ ವಚನಕ್ಕೂ ಅಂಕಿತ ಹಾಕಿದರು. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ದೇವರ ಹೆಸರಾದರೂ ಅದು ಸಹಿಯ ಕೆಲಸ ಮಾಡಿತು, ಎಂಟು ನೂರು ವರ್ಷವಾದರೂ ಯಾರ ಮಾತು ಯಾರದೆಂದು ನಾವು ಹೇಳಬಲ್ಲೆವು. ಹರಿದಾಸರಲ್ಲೂ ಅದೇ ಕ್ರಮ. ಇನ್ನೊಂದು ತುದಿಯಲ್ಲಿ ಮುದ್ದಣನಿದ್ದಾನೆ. ತಾನೇ ಬರೆದ ಕಾವ್ಯವನ್ನು ಹಳೆಯ ಕವಿಯ ಓಲೆಪ್ರತಿ ಎಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳುಹಿಸಿದ. 1901ರಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ ಮೂವತ್ತೊಂದು. ಕವಿ ತಾನೇ ಮರೆಯಾಗುವುದು ಅವನ ಇಷ್ಟ. ಬೇರೆಯವರು ಮರೆಮಾಡುವುದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ದುಡಿ

ಮೇಷ್ಟ್ರೇ, ನಮ್ಮ ಕಡೆಯ ಮಾತೊಂದು ಸೇರಿಸಲೇ? ನಾನು ಮದುವೆಗಳಲ್ಲಿ, ಪುತ್ತರಿ ಎಂಬ ನಮ್ಮ ಸುಗ್ಗಿ ಹಬ್ಬದಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿದು ಹಾಡುವವನು. ನಾಲ್ವರು ನಿಲ್ಲುತ್ತೇವೆ. ಇಬ್ಬರು ಒಂದು ಸಾಲು ಎತ್ತಿಕೊಂಡರೆ ಇನ್ನಿಬ್ಬರು ಅದನ್ನೇ ಹಿಡಿದು ಮುಂದುವರಿಸುತ್ತಾರೆ. ಬಾಳೋ ಪಾಟ್ ಎಂಬ ಈ ಹಾಡುಗಳನ್ನು ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ, ಕೇಳಿದರೂ ಉತ್ತರವಿಲ್ಲ. ಹಿರಿಯರಿಂದ ಬಂದದ್ದು. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಸಂಗ್ರಹಿಸಿ 1924ರಲ್ಲಿ "ಪಟ್ಟೋಲೆ ಪಳಮೆ" ತರದಿದ್ದರೆ ಅರ್ಧದಷ್ಟು ಹಾಡು ನಮ್ಮ ಅಜ್ಜಂದಿರ ಜೊತೆಗೇ ಹೋಗುತ್ತಿತ್ತು. ಅವರೂ ಇವು ನಾನು ಕಟ್ಟಿದ ಹಾಡು ಎನ್ನಲಿಲ್ಲ. ಸಂಗ್ರಹಿಸಿದವರು ಎಂದೇ ಉಳಿದರು. ಅವರ ದೊಡ್ಡತನ ಅದರಲ್ಲಿದೆ.

ಮನೆ ಪಾಟ್ ಹಾಡುವಾಗ ಆ ಮನೆಯ ಒಕ್ಕದ (ಕುಲದ) ಹೆಸರು, ಹಿರಿಯರ ಹೆಸರು ಬರಬೇಕು. ಹಾಡು ಹಳೆಯದು, ಒಳಗೆ ಕೂರುವ ಹೆಸರು ಆ ಮನೆಯದು. ಒಂದು ಮನೆಯ ಹಿರಿಯರನ್ನು ಇನ್ನೊಂದು ಮನೆಯಲ್ಲಿ ಹಾಡಿದರೆ ದುಡಿ ಕಿತ್ತುಕೊಂಡು ಹೊರಗೆ ಕಳುಹಿಸುತ್ತಾರೆ. ಈ ಹುಡುಗ ಮಾಡಿದ್ದು ಅದನ್ನೇ, ಇನ್ನೊಬ್ಬರ ಅಪ್ಪನನ್ನು ತನ್ನ ಮನೆಯಲ್ಲಿ ಕೂರಿಸಿಕೊಂಡ.

ಲೈನ್ ಮನೆ

ನಾನು ಆ ಬರೆದ ಹುಡುಗನಲ್ಲ. ಆದರೆ ನನ್ನದೂ ಅದೇ ಬದುಕು, ಸಿದ್ದಾಪುರದ ಕಡೆ. ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ಅಮ್ಮ ಇನ್ನೂ ತೋಟಕ್ಕೆ ಹೋಗುತ್ತಾರೆ.

ಹಾಡು ಬಂದ ದಿನವೇ ನನಗೆ ಅನುಮಾನ ಬಂದಿತ್ತು. ಮೊದಲ ಭಾಗ ಕೇಳುತ್ತಿದ್ದಂತೆ ಎದೆ ಹಿಂಡಿತು. ಕೊಯ್ದ ಹಣ್ಣನ್ನು ಸಂಜೆ ತೂಕಕ್ಕೆ ತರುವುದು, ಸಾಲಿನಲ್ಲಿ ನಿಲ್ಲುವುದು, ಎಷ್ಟು ಕಿಲೋ ಬರೆದುಕೊಂಡರೆಂದು ಇಣುಕಿ ನೋಡುವುದು, ಮುಂಗಡದಲ್ಲಿ ಕಳೆದು ಕೈಗೆ ಎಷ್ಟು ಉಳಿಯಿತೆಂದು ದಾರಿಯಲ್ಲೇ ಲೆಕ್ಕ ಹಾಕುವುದು, ಎಲ್ಲವೂ ಸರಿಯಾಗಿತ್ತು. ಎರಡನೆಯ ಭಾಗದಲ್ಲಿ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಮಳೆಗಾಲದ ತಿಂಗಳು) ಮಳೆಯಲ್ಲಿ ನೆನೆಯುತ್ತಾ ಅಮ್ಮ ಕಾಫಿ ಹಣ್ಣು ಕೊಯ್ಯುತ್ತಾಳೆ ಎಂದು ಬರುತ್ತದೆ. ಕಕ್ಕಡದಲ್ಲಿ ಗಿಡದ ಮೇಲೆ ಇರುವುದು ಹಸಿರು ಕಾಯಿ! ಅರೇಬಿಕಾ ಹಣ್ಣಾಗುವುದು ನವೆಂಬರ್ ಹೊತ್ತಿಗೆ, ರೋಬಸ್ಟಾ ಅದಕ್ಕೂ ತಡ. ಲೈನ್ ಮನೆಯ ಮಗು ಕೂಡ ಹೀಗೆ ಬರೆಯುವುದಿಲ್ಲ. ಆ ಭಾಗವನ್ನು ಹಾಡಿದವನು ತಾನೇ ಸೇರಿಸಿರಬೇಕು ಎಂದು ಆಗಲೇ ಗೆಳೆಯನಿಗೆ ಹೇಳಿದ್ದೆ.

ತೋಟದ ಬಗ್ಗೆ ತೋಟದವರೇ ಹಾಡಬೇಕು ಎಂಬ ಹಟ ನನಗಿಲ್ಲ. ಯಾರು ಬೇಕಾದರೂ ಹಾಡಲಿ, "ಅವರ ಕಥೆ" ಎಂದು ಹಾಡಲಿ. ಮೇ ತಿಂಗಳಲ್ಲಿ ದೇವರಪುರದ ಬೇಡು ಹಬ್ಬಕ್ಕೆ ಬಂದು ನೋಡಿ. ಜೇನುಕುರುಬರು, ಯರವರು ಸೋರೆಬುರುಡೆ, ಪ್ಲಾಸ್ಟಿಕ್ ಡ್ರಮ್ಮು ಬಡಿಯುತ್ತಾ ಗೋಣಿಕೊಪ್ಪದ ಬೀದಿಯಲ್ಲಿ ಎಲ್ಲರನ್ನೂ ಬೈಯುತ್ತಾರೆ, ಕೊನೆಗೆ ದೇವರನ್ನೂ ಬೈಯುತ್ತಾರೆ. ಆ ಬೈಗುಳಕ್ಕೆ ಬೆಲೆ ಬರುವುದು ಬೈಯುವವರು ಯಾರು ಎಂಬುದರಿಂದ. ವರ್ಷವಿಡೀ ತಲೆ ಬಗ್ಗಿಸಿ ದುಡಿದವರು ಒಂದು ದಿನ ತಲೆ ಎತ್ತಿ ಬೈಯುತ್ತಾರೆ. ಅದನ್ನೇ ನಾಲ್ಕು ಜನ ತೋಟದ ಮಾಲೀಕರು ವೇಷ ಹಾಕಿಕೊಂಡು ಮಾಡಿದರೆ ಯಾರು ನಿಂತು ಕೇಳುತ್ತಾರೆ?

ಬೀಟ್ ಕಟ್ಟುವವ, ವಿರಾಜಪೇಟೆ

ಕಕ್ಕಡದ ಮಾತು ಒಪ್ಪಿದೆ. ಆದರೂ ಕೇಳುತ್ತೇನೆ: ಜನರಿಗೆ ನಿಜವಾಗಿಯೂ ಇದು ಬೇಕೇ? 2015ರ ಜುಲೈನಲ್ಲಿ ಅಮೆರಿಕದ ರ‍್ಯಾಪರ್ ಮೀಕ್ ಮಿಲ್ ಎದ್ದು ನಿಂತು, ಕೆನಡಾದ ಹೆಸರಾಂತ ರ‍್ಯಾಪರ್ ಡ್ರೇಕ್ ತನ್ನ ಸಾಲುಗಳನ್ನು ತಾನೇ ಬರೆಯುವುದಿಲ್ಲ ಎಂದು ಟ್ವಿಟರ್‌ನಲ್ಲಿ ಬಹಿರಂಗವಾಗಿ ಆರೋಪಿಸಿದ. ಕ್ವೆಂಟಿನ್ ಮಿಲ್ಲರ್ ಎಂಬಾತ ಡ್ರೇಕ್‌ಗಾಗಿ ಹಾಡಿದ್ದ ಕರಡು ಹಾಡುಗಳು ರೇಡಿಯೋದಲ್ಲೇ ಕೇಳಿಬಂದವು. ಡ್ರೇಕ್ ಕೆಲವೇ ದಿನಗಳಲ್ಲಿ ಮೀಕ್‌ಗೆ ಉತ್ತರವಾಗಿ ಎರಡು ಹಾಡು ಬಿಟ್ಟ, ಎರಡನೆಯದಾದ "ಬ್ಯಾಕ್ ಟು ಬ್ಯಾಕ್" ಗ್ರ್ಯಾಮಿ ಸಂಗೀತ ಪ್ರಶಸ್ತಿಗೆ ನಾಮನಿರ್ದೇಶನವನ್ನೂ ಪಡೆಯಿತು. ಸೋತವನೆಂದು ಜನ ಹೇಳಿದ್ದು ಮೀಕ್ ಮಿಲ್‌ನನ್ನು.

ಬೆಂಗಳೂರಿನಿಂದ, ಊರು ಮೂರ್ನಾಡು

ಆ ಜಗಳದಲ್ಲಿ ಮುಖ್ಯವಾದ ಒಂದು ಸಂಗತಿಯನ್ನು ಬಿಟ್ಟಿರಿ. ಆ ವರ್ಷದ ಡ್ರೇಕ್ ಸಂಕಲನದಲ್ಲಿ ಹಲವು ಹಾಡುಗಳಿಗೆ ಮಿಲ್ಲರ್ ಹೆಸರು ಬರಹಗಾರರ ಪಟ್ಟಿಯಲ್ಲಿ ಇತ್ತು. ಅಂದರೆ ಅಷ್ಟು ದೊಡ್ಡ ಉದ್ಯಮದಲ್ಲೂ ಹೆಸರನ್ನು ಪೂರ್ತಿ ನುಂಗಿರಲಿಲ್ಲ. ಇನ್ನು ಅಮೆರಿಕದ ಡಾ. ಡ್ರೆ ಅವರನ್ನೇ ನೋಡಿ. 1999ರ "ಸ್ಟಿಲ್ ಡಿ.ಆರ್.ಇ." ಹಾಡನ್ನು ಜೇ-ಝೀ ಎಂಬ ಇನ್ನೊಬ್ಬ ರ‍್ಯಾಪರ್ ಬರೆದುಕೊಟ್ಟದ್ದು ಎಲ್ಲರಿಗೂ ಗೊತ್ತು, ಪಟ್ಟಿಯಲ್ಲೂ ಇದೆ. ಡ್ರೆ ಎಂದರೆ ಸಂಗೀತ ಕಟ್ಟುವವರು ಎಂದು ಜನ ಒಪ್ಪಿಕೊಂಡಿದ್ದಾರೆ. ಅವರ ಮೇಲೆ ಯಾರಿಗೂ ಸಿಟ್ಟಿಲ್ಲ. ಸಾಲಿನ ಜಾಣ್ಮೆಯನ್ನೇ ತನ್ನ ಹಿರಿಮೆ ಎಂದು ಹೇಳಿಕೊಂಡು ಬೇರೆಯವರನ್ನು ಹಳಿಯುವವನು ಮಾತ್ರ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಹೆಸರು ಬೇಡ

ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯಬೇಕೆನಿಸಿತು. ನಾನು ಹೆಣ್ಣುಮಗಳು, ಮಡಿಕೇರಿಯವಳು, ಇಬ್ಬರು ಹುಡುಗರಿಗೆ ರ‍್ಯಾಪ್ ಸಾಲು ಬರೆದುಕೊಡುತ್ತೇನೆ. ನನ್ನ ಹೆಸರು ಹಾಕಬೇಡಿ ಎಂದು ನಾನೇ ಹೇಳಿದ್ದೇನೆ. ಮನೆಯಲ್ಲಿ ಗೊತ್ತಾದರೆ ಬರೆಯುವುದೇ ನಿಂತುಹೋಗುತ್ತದೆ. ಹೀಗೆ ಮರೆಯಲ್ಲಿದ್ದು ಬರೆದುಕೊಡುವ ಎಲ್ಲ ಘೋಸ್ಟ್ ರೈಟರ್‌ಗಳನ್ನೂ ಮೋಸಹೋದವರೆಂದು ಅಯ್ಯೋ ಎನ್ನಬೇಡಿ. ಬೇರೆಯವರ ಗಂಟಲಲ್ಲಿ ನನ್ನ ಸಿಟ್ಟು ಹೊರಬಂದಾಗ ನನಗೆ ಸಿಗುವ ನೆಮ್ಮದಿ ದೊಡ್ಡದು. ಒಬ್ಬ ಹುಡುಗ ಹಾಡುವ ಮೊದಲು ಪ್ರತಿ ಸಾಲಿನ ಅರ್ಥ ಕೇಳುತ್ತಾನೆ. "ಇದನ್ನು ನಾನು ಹೇಳಿದರೆ ಸುಳ್ಳಾಗುತ್ತದೆ, ಬದಲಿಸಿಕೊಡಿ ಅಕ್ಕ" ಎನ್ನುತ್ತಾನೆ. ಅವನಿಗಾಗಿ ಬರೆಯುವುದು ನನಗೆ ಹೆಮ್ಮೆ.

ಸೋಮವಾರಪೇಟೆ ಮೇಷ್ಟ್ರು

ತಾಯಿ, ಒಂದು ಕಾವ್ಯನಾಮ ಇಟ್ಟುಕೊಳ್ಳಿ. ಕುವೆಂಪು, ಬೇಂದ್ರೆಯವರ ಅಂಬಿಕಾತನಯದತ್ತ, ಎಲ್ಲ ಅದೇ ದಾರಿ. ನಮ್ಮ ಕೊಡಗಿನ ಗೌರಮ್ಮನವರೂ ಕಥೆಗಳನ್ನು "ಮಿಸೆಸ್ ಬಿ.ಟಿ.ಜಿ. ಕೃಷ್ಣ" ಎಂಬ ಹೆಸರಿನಲ್ಲಿ ಬರೆದವರು. ಮುಂದೆಂದಾದರೂ ನಿಮಗೆ ಹೆಸರು ಹೇಳಬೇಕೆನಿಸಿದಾಗ ಹಿಂದಿನ ಹಾಡುಗಳೆಲ್ಲ ಆ ಒಂದು ಗುರುತಿನಲ್ಲಿ ಕೂಡಿಕೊಂಡಿರುತ್ತವೆ. ಹಾಡಿದವರ ಹೆಸರಿನಲ್ಲಿ ಚೆದುರಿಹೋದರೆ ಮತ್ತೆ ಒಟ್ಟುಗೂಡಿಸುವುದು ಕಷ್ಟ.

ಅಮ್ಮತ್ತಿ ರಸ್ತೆ

ಅಕ್ಕ ಹೇಳಿದ್ದು ಬಹಳ ದೊಡ್ಡ ಮಾತು. ನನ್ನ ಕೋಣೆಯಲ್ಲಿ ನಾನು ದಿನವೂ ನೋಡುವುದು ಇದೇ. ಸಾಲನ್ನು ತನ್ನದಾಗಿಸಿಕೊಂಡವನು ಹದಿನಾರು ಬಾರ್‌ಗಳನ್ನು (ತಾಳದ ಹದಿನಾರು ಸುತ್ತುಗಳನ್ನು) ಎಲ್ಲೂ ನಿಲ್ಲಿಸದೆ, ಒಂದೇ ಟೇಕ್‌ನಲ್ಲಿ ಹಾಡುತ್ತಾನೆ. ಆಗದಿದ್ದರೂ ಎಲ್ಲಿ ತಪ್ಪಿತೆಂದು ಅವನಿಗೇ ಗೊತ್ತಿರುತ್ತದೆ. ಬಾಯಿಪಾಠ ಮಾಡಿ ಬಂದವನನ್ನು ಎರಡೆರಡು ಸಾಲಾಗಿ ತುಂಡು ಮಾಡಿ ರೆಕಾರ್ಡ್ ಮಾಡಬೇಕು, ಆಮೇಲೆ ನಾನು ಕೂತು ಅವನ ಉಸಿರುಗಳನ್ನು ಕತ್ತರಿಸಿ ಅಂಟಿಸಬೇಕು. ಕೇಳುವವರಿಗೆ ಗೊತ್ತಾಗದಿರಬಹುದು, ವೇದಿಕೆ ಹತ್ತಿದ ದಿನ ಗೊತ್ತಾಗುತ್ತದೆ.

ಈಗ ಕಂಪ್ಯೂಟರೇ ಸಾಲು ಬರೆದುಕೊಡುತ್ತದೆ, ದನಿಯನ್ನೂ ಕೊಡುತ್ತದೆ. 2024ರಲ್ಲಿ ಡ್ರೇಕ್ ತೀರಿಕೊಂಡ ಅಮೆರಿಕದ ರ‍್ಯಾಪರ್ ಟುಪಾಕ್‌ನ ದನಿಯನ್ನು ಹಾಗೆ ಬಳಸಿ, ಟುಪಾಕ್ ಕಡೆಯವರು ಕಾನೂನು ಕ್ರಮದ ಎಚ್ಚರಿಕೆ ಕೊಟ್ಟ ಮೇಲೆ ಹಾಡನ್ನು ತೆಗೆದುಹಾಕಬೇಕಾಯಿತು. ಅದು ಬೇರೆಯದೇ ಚರ್ಚೆ, ಇಲ್ಲಿ ಬೆರೆಸುವುದು ಬೇಡ. ನಮ್ಮ ಮುಂದೆ ಇರುವುದು ಉಸಿರಾಡುವ ಒಬ್ಬ ಹುಡುಗ. ಅವನಿಗೆ ಏನು ಮಾಡಬಹುದು, ಯಾರಾದರೂ ತಿಳಿದವರು ಹೇಳಿ.

ಕುಶಾಲನಗರದ ವಕೀಲೆ

ತಿಳಿದಷ್ಟು ಹೇಳುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಲು ಬರೆದವನೇ ಅದರ ಮೊದಲ ಒಡೆಯ. ಸಂಬಳದ ನೌಕರನಾಗಿ ಬರೆದಿದ್ದರೆ ಮಾತು ಬೇರೆ. ನೋಂದಣಿ ಮಾಡಿಸಿಲ್ಲ ಎಂದು ಹಕ್ಕು ಹೋಗುವುದಿಲ್ಲ. ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬರೆದವನ ಸಹಿ ಇರುವ ಲಿಖಿತ ಪತ್ರ ಬೇಕೇ ಬೇಕು. ಟೀ ಅಂಗಡಿಯಲ್ಲಿ "ತೆಗೆದುಕೊಂಡು ಹೋಗು" ಎಂದ ಮಾತಿನಿಂದ ಒಡೆತನ ಬದಲಾಗುವುದಿಲ್ಲ.

ಇನ್ನೂ ಮುಖ್ಯವಾದದ್ದು 57ನೆಯ ಕಲಂ. ಹಕ್ಕನ್ನು ಪೂರ್ತಿ ಮಾರಿದ ಮೇಲೂ "ಇದನ್ನು ಬರೆದವನು ನಾನು" ಎಂದು ಹೇಳಿಕೊಳ್ಳುವ ವಿಶೇಷ ಹಕ್ಕು ಬರೆದವನಲ್ಲೇ ಉಳಿಯುತ್ತದೆ. ವಿರಾಜಪೇಟೆಯ ತಮ್ಮ ಇದನ್ನು ಗಮನಿಸಬೇಕು: ನೀವು ಕೊಟ್ಟ ದುಡ್ಡಿನಿಂದ ಹಾಡನ್ನು ಬಳಸುವ ಅನುಮತಿ ಸಿಗಬಹುದು, ನೀವೇ ಕವಿ ಎನ್ನಿಸಿಕೊಳ್ಳುವ ಅಧಿಕಾರ ಸಿಗುವುದಿಲ್ಲ. 2012ರ ತಿದ್ದುಪಡಿಯ ನಂತರ, ಧ್ವನಿಮುದ್ರಣದಲ್ಲಿ ಸೇರಿದ ಸಾಹಿತ್ಯಕ್ಕೆ ಗೌರವಧನದಲ್ಲಿ ಬರಬೇಕಾದ ಸಮಪಾಲನ್ನು ಸಾಹಿತಿ ಬಿಟ್ಟುಕೊಡುವಂತೆಯೂ ಇಲ್ಲ, ಬರೆದುಕೊಟ್ಟರೂ ಅದು ಊರ್ಜಿತವಲ್ಲ. ಜಾವೇದ್ ಅಖ್ತರ್ ಅವರು ರಾಜ್ಯಸಭೆಯಲ್ಲಿ ಈ ತಿದ್ದುಪಡಿಗಾಗಿ ಗಟ್ಟಿಯಾಗಿ ಮಾತನಾಡಿದ್ದು ಹಲವರಿಗೆ ನೆನಪಿರಬಹುದು.

ಹೊರಗಿನ ಉದಾಹರಣೆ ಕೇಳುವವರಿಗೆ: ಅಮೆರಿಕದ ಗಾಯಕಿ ಲಾರಿನ್ ಹಿಲ್ ಅವರ 1998ರ ಸಂಕಲನ ವರ್ಷದ ಅತ್ಯುತ್ತಮ ಸಂಕಲನವೆಂದು ಗ್ರ್ಯಾಮಿ ಪಡೆಯಿತು. ಅದರಲ್ಲಿ ದುಡಿದ ನಾಲ್ವರು ಸಂಗೀತಗಾರರು ತಮಗೆ ಸಲ್ಲಬೇಕಾದ ಹೆಸರು ಸಿಕ್ಕಿಲ್ಲ ಎಂದು ನ್ಯಾಯಾಲಯಕ್ಕೆ ಹೋದರು, 2001ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ನಮ್ಮ ಹುಡುಗ ಅಷ್ಟು ದೂರ ಹೋಗಬೇಕಾಗಿಲ್ಲ. ಮೊಬೈಲಿನಲ್ಲಿರುವ ಮೊದಲ ದನಿ ಕಡತವನ್ನು ಅಳಿಸಬಾರದು, ದಿನಾಂಕ ಕಾಣುವಂತೆ ಇನ್ನೊಂದು ಕಡೆ ಪ್ರತಿ ಇಡಬೇಕು, ನೋಟ್‌ಪುಸ್ತಕದ ಪುಟ ಹರಿಯಬಾರದು. ಮೊದಲು ಒಂದು ಸೌಮ್ಯವಾದ ಪತ್ರ ಬರೆಯೋಣ, ಹೆಸರು ಸೇರಿಸಿ ಎಂದು ಕೇಳೋಣ. ಬಹಳಷ್ಟು ಪ್ರಕರಣಗಳು ಅಲ್ಲಿಗೇ ಬಗೆಹರಿಯುತ್ತವೆ. ಶುಲ್ಕದ ಮಾತು ಬೇಡ.

ಲೈನ್ ಮನೆ

ಮೇಡಂ, ನಿಮಗೆ ಹೇಗೆ ಧನ್ಯವಾದ ಹೇಳಲಿ. ಒಂದು ಭಯ ಇದೆ. ಹಾಡಿದವನ ಮನೆಯವರಿಗೂ ಆ ಹುಡುಗನ ಅಪ್ಪ ಕೆಲಸ ಮಾಡುವ ತೋಟದವರಿಗೂ ಪರಿಚಯ ಇದ್ದರೆ? ಲೈನ್ ಮನೆ ತೋಟದವರದು. ಪತ್ರ ಹೋದ ಮರುದಿನ ಅಪ್ಪನಿಗೆ ಕೆಲಸ ಇಲ್ಲ ಎಂದರೆ ಇರುವ ಸೂರೂ ಹೋಗುತ್ತದೆ. ನಮ್ಮವರು ಬಾಯಿ ಮುಚ್ಚಿಕೊಂಡಿರುವುದು ಹೇಡಿತನದಿಂದಲ್ಲ.

ಕುಶಾಲನಗರದ ವಕೀಲೆ

ಆ ಭಯಕ್ಕೆ ಕಾರಣವಿದೆ. ಅದಕ್ಕಾಗಿಯೇ ಹುಡುಗನೂ ಅವನ ಅಪ್ಪ ಅಮ್ಮನೂ ಕೂತು ಮಾತನಾಡಿ ಒಪ್ಪಿದ ಮೇಲಷ್ಟೇ ಹೆಜ್ಜೆ ಇಡಬೇಕು. ಅವರು ಬೇಡ ಎಂದರೆ ನಾವು ಯಾರೂ ಅವರ ಪರವಾಗಿ ವೀರಾವೇಶ ತೋರಿಸಬಾರದು. ಈಗ ಸುಮ್ಮನಿದ್ದರೂ ಮುಂದೆ ಕೇಳಬಹುದು. ಕೃತಿಸ್ವಾಮ್ಯ ಬರೆದವನ ಜೀವಮಾನ ಪೂರ್ತಿ ಇರುತ್ತದೆ, ಆಮೇಲೆ 60 ವರ್ಷವೂ ಇರುತ್ತದೆ. ಆದರೆ ನ್ಯಾಯಾಲಯದ ದಾವೆಗೆ ಕಾಲಮಿತಿ ಇದೆ, ತೀರಾ ತಡಮಾಡುವುದೂ ಬೇಡ.

ದುಡಿ

ಹುಡುಗನ ಮನೆಯವರು ಒಪ್ಪಿದರೆ ಹಾಡಿದವನ ಮನೆಯ ಹಿರಿಯರ ಹತ್ತಿರ ನಾನು ಮಾತನಾಡುತ್ತೇನೆ. ನಮ್ಮಲ್ಲಿ ಹಿರಿಯರ ಮಾತಿಗೆ ಇನ್ನೂ ಬೆಲೆ ಇದೆ. ಪತ್ರಕ್ಕಿಂತ ಮೊದಲು ಅದು ಆಗಲಿ.

ಬೀಟ್ ಕಟ್ಟುವವ, ವಿರಾಜಪೇಟೆ

ದುಡ್ಡು ಕೊಟ್ಟು ಬರೆಸುವುದು ಸರಿ ಎಂಬ ನನ್ನ ಮಾತಿನಲ್ಲಿ ನಾನು ಈಗಲೂ ನಿಲ್ಲುತ್ತೇನೆ. ಆದರೆ ವಕೀಲ ಮೇಡಂ ಹೇಳಿದ ಕಾಗದ ನನಗೂ ಬೇಕು. ಇಬ್ಬರಿಗೂ ಅರ್ಥವಾಗುವ ಕನ್ನಡದಲ್ಲಿ, ಒಂದೇ ಪುಟದಲ್ಲಿ ಬರೆದುಕೊಡುತ್ತೀರಾ? ಮುಂದಿನ ಹಾಡಿನಿಂದಲೇ ಬಳಸುತ್ತೇನೆ.

ಅಮ್ಮತ್ತಿ ರಸ್ತೆ

ನನ್ನ ಕೋಣೆಯಲ್ಲೂ ಇನ್ನು ಮುಂದೆ ರೆಕಾರ್ಡಿಂಗ್ ಶುರುವಾಗುವ ಮೊದಲು ಬರೆದವರ ಹೆಸರು ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಕಾವ್ಯನಾಮವಾದರೂ ಸರಿ. ಮೇಡಂ, ಆ ಪುಟದಲ್ಲಿ ಏನೇನು ಇರಬೇಕು?

ಕುಶಾಲನಗರದ ವಕೀಲೆ

ಬರೆದವರು, ಹಾಡುವವರು ಇಬ್ಬರ ಹೆಸರು. ಯಾವ ಹಾಡು ಎಂದು ಗೊತ್ತಾಗುವಂತೆ ಅದರ ಪೂರ್ತಿ ಸಾಹಿತ್ಯ. ಎಲ್ಲೆಲ್ಲಿ, ಎಷ್ಟು ವರ್ಷ ಬಳಸಬಹುದು ಎಂಬುದು. ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಎಣಿಸುತ್ತದೆ, ಪ್ರದೇಶ ಬರೆಯದಿದ್ದರೆ ಭಾರತವಿಡೀ ಎಂದು. ಕೊಟ್ಟ ಹಣ, ಮುಂದೆ ಬರುವುದರಲ್ಲಿ ಪಾಲು. "ಸಾಹಿತ್ಯ" ಎಂಬಲ್ಲಿ ಯಾವ ಹೆಸರು ಬರಬೇಕು ಎಂಬುದು. ಒಂದು ಸಾಲನ್ನು ಬದಲಿಸಬೇಕಾದರೂ ಬರೆದವರನ್ನು ಕೇಳಬೇಕು ಎಂಬುದನ್ನು ನಾನೇ ಸೇರಿಸುತ್ತೇನೆ, ಕಕ್ಕಡದಲ್ಲಿ ಹಣ್ಣು ಕೊಯ್ಯಿಸಿದ್ದು ಓದಿದ ಮೇಲೆ ಅದು ಬೇಕೆನಿಸಿದೆ. ಶನಿವಾರದೊಳಗೆ ಕರಡು ಹಾಕುತ್ತೇನೆ, ಮೇಷ್ಟ್ರು ಭಾಷೆ ನೋಡಿಕೊಡಲಿ.

ಸೋಮವಾರಪೇಟೆ ಮೇಷ್ಟ್ರು

ಕಳುಹಿಸಿ, ಅಂದೇ ನೋಡಿಕೊಡುತ್ತೇನೆ. ಅಮ್ಮತ್ತಿಯವರೇ, ಹುಡುಗನಿಗೆ ಅಭ್ಯಂತರವಿಲ್ಲದಿದ್ದರೆ ಅವನ ಉಳಿದ ಸಾಲುಗಳನ್ನೂ ನನಗೆ ಓದಲು ಕೊಡಿಸಿ.